ಬಿಚ್ಚಿ ಹೊಲಿದ ಕುಲಾವಿ

ನನ್ನ ತಂಗಿ ನೀಲಳ ಚೊಚ್ಚಲ ಮಗುವಿನ ತಲೆಯಲ್ಲಿ ನೀರು ತುಂಬಿಕೊಂಡದ್ದು ಅವಳು ಬಾಣಂತನದಲ್ಲಿ ಕುಡಿದ ನೀರಿನಿಂದ ಅಲ್ಲ. ಇದು ನನಗೆ ಗೊತ್ತಿತ್ತು. ಡಾಕ್ಟರಮ್ಮನೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಹೊರಗೆ ಬಂದವಳು ನಾನು ಅದನ್ನು ತಿರುಚಿ ಹೇಳಿದೆ. ಆ ಒಂದು ಸುಳ್ಳನ್ನು ನಂಬಿ ನನ್ನ ತಂಗಿ, ಹೆತ್ತ ಮಗುವನ್ನು ತಾನೇ ಕೊಂದೆನೆಂದುಕೊಂಡು ಇಷ್ಟು ವರ್ಷ ಬದುಕಿದಳು. ನಾನು ನೋಡುತ್ತಾ ಇದ್ದೆ.

ಬರೆದಾಯಿತು. ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಎಷ್ಟು ಸಲ ಎದ್ದು ಹೋಗಿ ಉರಿಯದ ಒಲೆ ಊದಿ ಬಂದೆನೋ. ಮದಲೂರಿನಲ್ಲಿ ಯಾರನ್ನಾದರೂ ಕೇಳಿ, ಶಿವಮ್ಮನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಅನ್ನುತ್ತಾರೆ. ಕೆರೆ ನೀರಿನ ಸರದಿಗೆ ಪಟೇಲರ ಎದುರಿಗೆ ನಿಂತು ಜಗಳ ಆಡಿದವಳು, ಅಳತೆಯಲ್ಲಿ ಮೋಸ ಮಾಡಿದವನ ಸೇರನ್ನು ಕಿತ್ತು ಬೀದಿಗೆ ಎಸೆದವಳು. ಮಾತಾಡಲೇಬೇಕಾಗಿದ್ದ ಒಂದೇ ಒಂದು ಕಡೆ — ಥೂ, ಅದನ್ನೇ ಹೇಳಲು ಹೊರಟಿದ್ದೇನೆ, ಮೊದಲಿನಿಂದ ಹೇಳಿಬಿಡುತ್ತೇನೆ.

ನಮ್ಮಪ್ಪ ಕೂಲಿಮಠದ ಮೇಷ್ಟರು. ಹೆಣ್ಣಾದರೂ ನನಗೆ ಅಕ್ಷರ ಕಲಿಸಿದ. ಅಮ್ಮ ನೀಲಳನ್ನು ಹೆತ್ತ ಮೇಲೆ ಬಹಳ ದಿನ ಉಳಿಯಲಿಲ್ಲ. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನನ್ನನ್ನು ಕಳ್ಳಂಬೆಳ್ಳಕ್ಕೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ಪ್ಲೇಗಿನಲ್ಲಿ ಹೋದ. ಮತ್ತೆ ಮದಲೂರಿಗೆ ಬಂದು ಅಣ್ಣನ ಮನೆ ಸೇರಿದೆ. ನೀಲಳನ್ನು ಮಧುಗಿರಿಗೆ ಕೊಟ್ಟೆವು — ಕಡಲೆಕಾಯಿ ವ್ಯಾಪಾರದ ಮನೆ, ಅನುಕೂಲವಂತರು. ಅವಳು ಮೊದಲ ಹೆರಿಗೆಗೆ ತವರಿಗೆ ಬಂದಾಗ ಬಾಣಂತನ ಮಾಡಲು ತಾಯಿ ಇರಲಿಲ್ಲ, ನಾನಿದ್ದೆ.

ಗಂಡ ಸತ್ತವಳ ಕೈಯಲ್ಲಿ ಎಳೆಗೂಸಿಗೆ ಎಣ್ಣೆ ತಟ್ಟಿಸಿ ನೀರು ಹಾಕಿಸುವುದೇ ಎಂದು ಓಣಿಯಲ್ಲಿ ಪಿಸುಪಿಸು ಆಯಿತು. ಮಧುಗಿರಿಯಿಂದ ನೀಲಳ ಅತ್ತೆಯೂ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ನೀಲ ಕೇಳಲಿಲ್ಲ. "ನಮ್ಮಕ್ಕಯ್ಯನೇ ಮಾಡ್ಬೇಕು. ನನ್ನ ಸಾಕಿದ ಕೈ ನನ್ ಮಗೀಗೆ ಕೆಟ್ಟದ್ ಮಾಡ್ತದಾ?" ಎಂದು ಹಟ ಹಿಡಿದಳು. ನನ್ನ ಕೈಯ ಮೇಲೆ ಅವಳಿಗೆ ಅಷ್ಟು ನಂಬಿಕೆ ಇತ್ತು.

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಗಂಡು ಮಗುವಾಯಿತು. ಹೊತ್ತು ಗೊತ್ತಿಲ್ಲದೆ ಕಿರುಚುವ, ಕೆಂಪು ಮೂಗಿನ ಚೆಂದದ ಕೂಸು. ಚೆನ್ನ ಎಂದು ಕರೆದೆವು.

ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದಿಲ್ಲ. ಕಷಾಯ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ — ಮುಗಿಯಿತು. ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಊದುತ್ತದೆ, ಹಾಲು ಕುಡಿಯುವ ಕೂಸಿಗೆ ಶೀತ ಏರುತ್ತದೆ ಎನ್ನುತ್ತಾರೆ. ಕಿಟಕಿ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ, ಕಿವಿಯಲ್ಲಿ ಹತ್ತಿ, ಹೊರಗೆ ಆ ಬಿಸಿಲು. ನೀಲಳ ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಒಂದು ಮಧ್ಯಾಹ್ನ ನನ್ನ ಸೆರಗು ಹಿಡಿದುಕೊಂಡು, "ಅಕ್ಕಯ್ಯ, ಒಂದ್ ಗುಟುಕು ನೀರ್ ಕೊಡೇ, ನಿನ್ ಕಾಲಿಗ್ ಬೀಳ್ತೀನಿ," ಎಂದಳು. ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. ಗುಟುಕಲ್ಲ, ಒಂದು ಚೊಂಬು ತಂದು ಕೊಟ್ಟೆ. ಮಾರನೆಯ ದಿನವೂ ಕೊಟ್ಟೆ, ಆಮೇಲೆ ದಿನವೂ. ಅತ್ತಿಗೆಗೆ ಕಾಣದಂತೆ ಸೆರಗಿನ ಮರೆಯಲ್ಲಿ ಒಯ್ಯುತ್ತಿದ್ದೆ. ಅದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಇವತ್ತು ಗೊತ್ತು. ಅವತ್ತು ಪ್ರತಿ ಚೊಂಬನ್ನೂ ಹೆದರಿಕೊಂಡೇ ಕೊಟ್ಟೆ.

ಕೂಸಿಗೆ ನೀರು ಹಾಕುವವಳಿಗೆ ಅದರ ಮೈ ತಾಯಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ನೆತ್ತಿಗೆ ಹರಳೆಣ್ಣೆ ಇಟ್ಟು ಅಂಗೈಯಲ್ಲಿ ತಟ್ಟಬೇಕು. ನೆತ್ತಿಯ ಆ ಮೆತ್ತನೆಯ ಜಾಗ ಚೂರೇ ಚೂರು ತಗ್ಗಾಗಿದ್ದು, ಪುಟುಪುಟು ಎಂದು ಮಿಡಿಯುತ್ತಿರುತ್ತದೆ. ಯುಗಾದಿ ಆದ ಮೇಲೆ ಒಂದು ದಿನ ಎಣ್ಣೆ ತಟ್ಟಿದರೆ — ಅದು ತಗ್ಗಾಗಿರಲಿಲ್ಲ. ಬಿಗಿದುಕೊಂಡು ನನ್ನ ಅಂಗೈಯನ್ನು ಎದುರಿಗೆ ಒತ್ತುತ್ತಿತ್ತು. ಕೈ ತೆಗೆದು ಮತ್ತೆ ಇಟ್ಟೆ. ಒತ್ತುತ್ತಲೇ ಇತ್ತು. ಬಿಸಿನೀರಿನ ಹಬೆಯಲ್ಲಿ ಕೂತವಳಿಗೆ ಚಳಿ ಬಂದಂತಾಯಿತು.

ನನಗೆ ಹೊಳೆದದ್ದು ಒಂದೇ. ನೀರು. ನಾನು ಕೊಟ್ಟ ನೀರು ಹಾಲಿನಲ್ಲಿ ಇಳಿದು ಕೂಸಿನ ತಲೆಗೆ ಏರಿದೆ.

ಅಣ್ಣನಿಗೆ ಹೇಳಬೇಕಿತ್ತು. ಬಾಗಿಲವರೆಗೆ ಹೋದೆ ಕೂಡ. ಹೇಳಿದರೆ ಮೊದಲು ಕೇಳುವುದು, ಬಾಣಂತಿಗೆ ನೀರು ಕೊಟ್ಟವರು ಯಾರು ಎಂದು. ಗಂಡನನ್ನು ತಿಂದುಕೊಂಡವಳು ಈಗ ತಂಗಿಯ ಕೂಸಿಗೂ ಕೈ ಇಟ್ಟಳು ಎನ್ನುತ್ತಾರೆ. ಅತ್ತಿಗೆ ಅಂಥದ್ದೇ ಒಂದು ನೆಪಕ್ಕೆ ಕಾದು ಕೂತಿದ್ದಳು. ಅಣ್ಣನ ಮನೆಯ ಬಾಗಿಲು ಮುಚ್ಚಿದರೆ ನಾನು ಹೋಗುವುದೆಲ್ಲಿಗೆ? ಇಳಿಯುತ್ತದೇನೋ, ನಾಳೆ ನೋಡೋಣ ಎಂದುಕೊಂಡು ಬಾಗಿಲಿಂದ ಹಿಂದಕ್ಕೆ ಬಂದೆ. ಅವತ್ತಿನಿಂದ ನೀಲಳಿಗೆ ನೀರು ಕೊಡುವುದನ್ನು ನಿಲ್ಲಿಸಿದೆ. ಅವಳು ಕೇಳಿದರೆ ಗದರಿದೆ. ನೀರು ನಿಂತರೂ ನೆತ್ತಿ ಇಳಿಯಲಿಲ್ಲ.

ಕೂಸಿನ ತಲೆಗೆ ಕಟ್ಟುತ್ತಿದ್ದ ಬಟ್ಟೆಯ ಕುಲಾವಿ ಬಿಗಿಯಾಯಿತು. ಗಲ್ಲದ ಕೆಳಗೆ ಲಾಡಿ ಎಳೆದು ಕಟ್ಟಿದರೆ ಗಂಟು ಬೀಳುತ್ತಿರಲಿಲ್ಲ. ಆಗ ನಾನು ಮಾಡಿದ್ದನ್ನು ಬರೆಯುವುದಕ್ಕೆ ಈಗಲೂ ಹೇಸಿಗೆಯಾಗುತ್ತದೆ. ಊಟವಾಗಿ ಎಲ್ಲರೂ ಅಡ್ಡಾಗಿದ್ದ ಹೊತ್ತಿನಲ್ಲಿ ಹಿತ್ತಿಲ ಬಾಗಿಲ ಬೆಳಕಿಗೆ ಕೂತು ಆ ಕುಲಾವಿಯ ಹೊಲಿಗೆ ಬಿಚ್ಚಿದೆ. ಒಳಗೆ ಮಡಿಸಿದ್ದ ಬಟ್ಟೆಯನ್ನು ಹೊರಗೆ ಬಿಟ್ಟು, ದೊಡ್ಡದು ಮಾಡಿ, ಹಳೆಯ ಸೂಜಿ ತೂತು ಕಾಣದಂತೆ ಮತ್ತೆ ಹೊಲಿದೆ. ಕೂಸಿನ ತಲೆಗೆ ಕಟ್ಟಿದರೆ ಸರಿಯಾಗಿ ಕೂತಿತು. ನೋಡಿದವರಿಗೆ ಅದೇ ಕುಲಾವಿ, ಅದೇ ಕೂಸು. ಕೆಲವು ದಿನ ಬಿಟ್ಟು ಮತ್ತೆ ಬಿಗಿಯಾಯಿತು. ಮತ್ತೆ ಬಿಚ್ಚಿದೆ. ಮಡಿಕೆಯ ಬಟ್ಟೆ ಮುಗಿದ ಮೇಲೆ ನನ್ನ ಹಳೆಯ ರವಿಕೆಯಿಂದ ಅದೇ ಬಣ್ಣದ ಪಟ್ಟಿ ಕತ್ತರಿಸಿ ನಡುವೆ ಸೇರಿಸಿದೆ. ಇಷ್ಟು ಅಚ್ಚುಕಟ್ಟಾಗಿ ನಾನು ಜನ್ಮದಲ್ಲಿ ಹೊಲಿದಿರಲಿಲ್ಲ.

ಹಣೆಯ ಮೇಲೆ ನೀಲಿ ನರಗಳು ಎದ್ದವು. ಕಣ್ಣುಗುಡ್ಡೆ ಕೆಳಕ್ಕೆ ಇಳಿದು, ಮೇಲೆ ಬರೀ ಬಿಳಿ ಕಾಣುತ್ತಿತ್ತು. ನೀರು ಹಾಕುವಾಗ ಅದು ನನ್ನನ್ನು ನೋಡಲು ಒದ್ದಾಡುತ್ತಿತ್ತು, ಕಣ್ಣು ಮೇಲಕ್ಕೆ ಬರುತ್ತಿರಲಿಲ್ಲ. ನಾನು ಮುಖ ಆಚೆ ತಿರುಗಿಸಿ ಕೈ ಅಂದಾಜಿನಲ್ಲೇ ನೀರು ಹುಯ್ಯುತ್ತಿದ್ದೆ.

ಕತ್ತಲೆ ಕೋಣೆಯಲ್ಲಿದ್ದ ನೀಲಳಿಗೆ ಇದು ಮೊದಲ ಮಗು, ಹೋಲಿಸಿ ನೋಡಲು ಇನ್ನೊಂದಿಲ್ಲ. ಆದರೂ ಒಂದು ದಿನ, "ಅಕ್ಕಯ್ಯ, ಮಗೀನ ತಲೆ ದಪ್ಪ ಅಲ್ವೇನೆ?" ಎಂದಳು.

ನಾನು ನಕ್ಕೆ. ದೇವರಾಣೆ ನಕ್ಕೆ. "ನಮ್ಮಪ್ಪನ ತಲೆ ಕಣೇ ಅದು. ನೋಡ್ತಿರು, ಅಮಲ್ದಾರ ಆಯ್ತಾನೆ ನಿನ್ ಮಗ," ಎಂದೆ. ಅವಳೂ ನಕ್ಕು ಆ ತಲೆಗೆ ಮುತ್ತು ಕೊಟ್ಟಳು.

ಕಾರಹುಣ್ಣಿಮೆ ಆದ ಮೇಲೆ ತಾಯಿ ಮಗುವನ್ನು ಕರೆದೊಯ್ಯುವ ಮಾತಾಡಲು ನೀಲಳ ಅತ್ತೆ ಮಧುಗಿರಿಯಿಂದ ಬಂದರು. ಜರಿ ಅಂಚಿನ ರೇಷ್ಮೆ ಕುಲಾವಿ ಹೊಲಿಸಿ ತಂದಿದ್ದರು. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಹಳೆಯದನ್ನು ಬಿಚ್ಚಿ ಹೊಸದನ್ನು ಇಟ್ಟರು. ಅದು ನೆತ್ತಿಯ ಮೇಲೆ ಕೂತಿತೇ ಹೊರತು ಕೆಳಗೆ ಇಳಿಯಲಿಲ್ಲ. ಎಳೆದು ನೋಡಿದರು. ಆಮೇಲೆ ಕೂಸನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದರು. "ಅಯ್ಯೋ ಶಿವನೇ! ಇದೇನಮ್ಮ ಇದು, ಮಗೀನ ತಲೆ ಇಂಗೈತೆ? ಯಾರೂ ನೋಡ್ನಿಲ್ವಾ?"

ಮಾರನೆಯ ಬೆಳಿಗ್ಗೆ ಅಣ್ಣ ಗಾಡಿ ಕಟ್ಟಿದ. ಶಿರಾದ ಆಸ್ಪತ್ರೆಗೆ ಆಗ ಬೆಂಗಳೂರು ಕಡೆಯ ಒಬ್ಬ ಡಾಕ್ಟರಮ್ಮ ಬಂದಿದ್ದರು. ದಾರಿಯುದ್ದಕ್ಕೂ ಗಾಡಿ ಕುಲುಕಿದಾಗಲೆಲ್ಲ ನೀಲ ಆ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಸೂಜಿ ಕಂಡದ್ದೇ ತಡ ಅವಳು ಕುಸಿದು ಕೂತಳು. ಅವಳನ್ನೂ ಅತ್ತೆಯನ್ನೂ ಜಗಲಿಗೆ ಕಳಿಸಿ, "ನೀವು ಗಟ್ಟಿಯಾಗಿದ್ದೀರಿ, ಮಗುವನ್ನು ನೀವು ಹಿಡಿದುಕೊಳ್ಳಿ," ಎಂದು ಡಾಕ್ಟರಮ್ಮ ನನ್ನನ್ನು ಒಳಗೆ ಉಳಿಸಿಕೊಂಡರು.

ಬಾಗಿಲು ಕಿಟಕಿ ಎಲ್ಲ ಮುಚ್ಚಿಸಿದರು. ಕತ್ತಲಾಯಿತು. ಕೂಸಿನ ತಲೆಯ ಹಿಂದೆ ಬ್ಯಾಟರಿ ಹಿಡಿದು ಒತ್ತಿದರು. ತಲೆ — ಇಡೀ ತಲೆ — ಒಳಗೆ ದೀಪ ಹಚ್ಚಿಟ್ಟಂತೆ ಕೆಂಪಗೆ ಬೆಳಗಿತು. ನಾನು ಕೂಗಿಕೊಂಡೆ. ಮಗುವನ್ನು ಕೆಳಗೆ ಹಾಕಿ ಓಡಿಬಿಡೋಣ ಅನ್ನಿಸಿತು. ಕೈ ಬಿಡದಂತೆ ಅವರೇ ನನ್ನ ಮಣಿಕಟ್ಟು ಹಿಡಿದರು. "ಹೆದರಬೇಡಿ. ಒಳಗೆ ಬರೀ ನೀರಿದೆ, ಅದಕ್ಕೇ ಬೆಳಕು ತೂರಿ ಬರುತ್ತಿದೆ," ಎಂದರು.

ಕಿಟಕಿ ತೆರೆದು, ನೆತ್ತಿಯ ಮೆತ್ತನೆಯ ಜಾಗದ ಪಕ್ಕದಲ್ಲಿ ಸೂಜಿ ಇಳಿಸಿದರು. ಗಾಜಿನ ಕೊಳವೆಗೆ ತೊಟ್ಟು ತೊಟ್ಟಾಗಿ ಬಿತ್ತು. ಕೀವಲ್ಲ, ರಕ್ತವಲ್ಲ. ನಮ್ಮ ಸಿಹಿನೀರ ಬಾವಿಯ ನೀರಿಗಿಂತ ತಿಳಿಯಾಗಿತ್ತು. ನಾನು ದಿನಾ ಸೆರಗಿನಲ್ಲಿ ಮುಚ್ಚಿ ಒಯ್ದದ್ದೇ ಅಲ್ಲಿ ಬೀಳುತ್ತಿದೆ ಎಂದುಕೊಂಡೆ. ತಡೆಯಲಾರದೆ ಕೇಳಿಯೇಬಿಟ್ಟೆ: "ತಾಯೀ, ಬಾಣಂತಿ ನೀರ್ ಕುಡುದ್ರೆ ಇಂಗಾಯ್ತದಾ?"

"ಯಾರಮ್ಮ ಹೇಳಿದರು ನಿಮಗೆ?" ಎಂದು ಅವರು ಕೊಳವೆ ಕೆಳಗಿಟ್ಟು, ಕೈ ತೊಳೆದು, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅವತ್ತು ಅವರು ಹೇಳಿದ್ದು ಒಂದಕ್ಷರವೂ ಮರೆತಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಮೆದುಳಿನ ಒಳಗೆ, ಎಲ್ಲರಿಗೂ, ಸಣ್ಣ ಸಣ್ಣ ಪೊಟರೆಗಳಿರುತ್ತವೆಯಂತೆ. ಅವುಗಳಲ್ಲಿ ನವಿರಾದ ರಕ್ತನಾಳಗಳ ಕುಚ್ಚು. ಆ ಕುಚ್ಚು ರಕ್ತದಿಂದಲೇ ಈ ತಿಳಿನೀರನ್ನು ಸೋಸಿ ತೆಗೆಯುತ್ತದೆ, ಹಗಲೂ ರಾತ್ರಿ, ನಾವು ಮಲಗಿದ್ದರೂ ಎದ್ದಿದ್ದರೂ. ನೀರು ಒಂದು ಪೊಟರೆಯಿಂದ ಇನ್ನೊಂದಕ್ಕೆ ಹರಿದು, ನಡುವೆ ತೀರಾ ಇಕ್ಕಟ್ಟಾದ ಒಂದು ದಾರಿ ದಾಟಿ, ಕೆಳಗಿನ ಪೊಟರೆಯಿಂದ ಹೊರಬೀಳುತ್ತದೆ. ಆಮೇಲೆ ಮೆದುಳಿನ ಸುತ್ತ, ಬೆನ್ನುಹುರಿಯ ಉದ್ದಕ್ಕೂ ಹರಿದಾಡಿ, ಕೊನೆಗೆ ನೆತ್ತಿಯ ಕೆಳಗಿರುವ ದೊಡ್ಡ ರಕ್ತನಾಳಕ್ಕೆ ಇಂಗಿ, ಮತ್ತೆ ರಕ್ತವೇ ಆಗುತ್ತದೆ. ಹುಟ್ಟಿದಷ್ಟೂ ಇಂಗಬೇಕು. ಅದರೊಳಗೆ ತೇಲಿಕೊಂಡಿರುವುದರಿಂದಲೇ ಮೆದುಳಿಗೆ ಪೆಟ್ಟಾಗುವುದಿಲ್ಲ.

"ನಿಮ್ಮದು ಯಾವ ಊರು?"

"ಮದಲೂರು."

"ಕೆರೆ ಊರು. ಕೆರೆಗೆ ನೀರು ಬರುತ್ತಲೇ ಇದ್ದು, ಹೊರಗೆ ಬಿಡುವ ತೂಬು ಕಟ್ಟಿಕೊಂಡರೆ?"

"ಏರಿ ಒಡೀತದೆ."

"ಈ ಮಗುವಿಗೆ ಒಳಗಿನ ದಾರಿ ಎಲ್ಲೋ ಕಟ್ಟಿಕೊಂಡಿದೆ. ಹುಟ್ಟುವಾಗಲೇ ಹಾಗಿತ್ತೋ ಏನೋ. ತಲೆಯ ಎಲುಬು ಇನ್ನೂ ಕೂಡಿಲ್ಲ, ಅದಕ್ಕೇ ಒಡೆಯುವ ಬದಲು ಹಿಗ್ಗುತ್ತಿದೆ. ತಾಯಿ ನೀರು ಕುಡಿದರೂ ಅಷ್ಟೇ, ಕುಡಿಯದಿದ್ದರೂ ಅಷ್ಟೇ. ಬಾಣಂತಿಗೆ ನೀರು ಕೊಡಿ. ಹೊರಗೆ ಆ ಹುಡುಗಿಯ ತುಟಿ ನೋಡಿದೆ ನಾನು."

ನನ್ನ ಎದೆಯ ಮೇಲಿನ ಬಂಡೆ ಯಾರೋ ಎತ್ತಿದಂತಾಯಿತು. ನಾನಲ್ಲ! ನನ್ನ ನೀರಲ್ಲ! ಅವರ ಕಾಲು ಮುಟ್ಟಲು ಬಗ್ಗಿದೆ. ಅಷ್ಟರಲ್ಲಿ ಅವರು ಕೂಸಿನ ತಲೆಯ ಮೇಲಿನ ನರದ ಮೇಲೆ ಬೆರಳಾಡಿಸುತ್ತಾ ಕೇಳಿದರು: "ಇದು ಇವತ್ತು ನಿನ್ನೆಯದಲ್ಲ. ದಿನಾ ಮಗುವಿಗೆ ನೀರು ಹಾಕುವವರು ಯಾರು? ಕೈಗೆ ಗೊತ್ತಾಗಿಯೇ ಇರಬೇಕು."

ನಾನು ತಲೆ ತಗ್ಗಿಸಿ, "ಬೇರೆ ಒಬ್ಬೆಂಗಸು," ಎಂದೆ.

"ಮೊದಲೇ ತಂದಿದ್ದರೆ ಬೆಂಗಳೂರಿಗಾದರೂ ಕಳಿಸುತ್ತಿದ್ದೆ. ಉಳಿಯುತ್ತಿತ್ತು ಎಂದು ಹೇಳಲಾರೆ, ಇದಕ್ಕೆ ಸರಿಯಾದ ಮದ್ದು ಯಾರ ಹತ್ತಿರವೂ ಇಲ್ಲ. ಆದರೆ ಕಣ್ಣು ಇಷ್ಟು ಹೋಗುತ್ತಿರಲಿಲ್ಲವೇನೋ, ಇಷ್ಟು ನರಳುತ್ತಿರಲಿಲ್ಲವೇನೋ. ಈಗ ತೆಗೆದರೂ ಮತ್ತೆ ತುಂಬುತ್ತದೆ." ಆಮೇಲೆ ನನ್ನ ಭುಜ ಮುಟ್ಟಿ, "ಹೊರಗೆ ಹೋಗಿ ತಾಯಿಗೆ ಚೆನ್ನಾಗಿ ತಿಳಿಸಿ ಹೇಳಿ, ಅವಳದು ತಪ್ಪಿಲ್ಲ ಅಂತ," ಎಂದರು.

ಮಗುವನ್ನು ಎತ್ತಿಕೊಂಡು ಬಾಗಿಲು ದಾಟಿದೆ. ಜಗಲಿಯಲ್ಲಿ ನೀಲ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಅತ್ತೆ ಎದ್ದು ಬಂದರು. "ನಿನ್ ತಂಗಿ ಒಪ್ಕಂಡ್ಲು ಕಣಮ್ಮ. ಬಾಣಂತನದಾಗೆ ಕದ್ದು ಚೊಂಬುಗಟ್ಲೆ ನೀರ್ ಕುಡುದಾಳಂತೆ. ಒಳಗೆ ಡಾಕ್ಟ್ರಮ್ಮ ಏನಂದ್ರು?"

ನೀಲ ನನ್ನನ್ನು ನೋಡಿದಳು. ಆ ನೋಟ ಹೇಗಿತ್ತೆಂದರೆ — ನಿನ್ನ ಹೆಸರು ಹೇಳಿಲ್ಲ ಅಕ್ಕಯ್ಯ, ಹೆದರಬೇಡ. ಮಗು ಸಾಯುತ್ತಿರುವಾಗಲೂ ಅವಳು ನನ್ನನ್ನು ಕಾಯುತ್ತಿದ್ದಳು.

ಡಾಕ್ಟರಮ್ಮನ ಮಾತನ್ನು ಇದ್ದದ್ದು ಇದ್ದಂತೆ ಹೇಳಿದ್ದರೆ ಸಾಕಿತ್ತು. ಆದರೆ ನೀರಿನದು ತಪ್ಪಲ್ಲ ಎಂದ ಕೂಡಲೇ, ಮತ್ತೆ ಯಾರದು ಎಂಬ ಮಾತು ಬರುತ್ತದೆ. ಇಷ್ಟು ದಿನದಿಂದ ಬೆಳೆಯುತ್ತಿದ್ದದ್ದು ನೀರು ಹಾಕುವವಳಿಗೆ ಹೇಗೆ ಕಾಣಲಿಲ್ಲ ಎಂದು ಕೇಳುತ್ತಾರೆ. ಸೂಜಿ ಹಾಕುವ ಮುಂಚೆ ಬಿಚ್ಚಿ ಕೊಟ್ಟಿದ್ದ ಆ ಹಳೆಯ ಕುಲಾವಿ ನೀಲಳ ಅತ್ತೆಯ ಕೈಯಲ್ಲೇ ಇತ್ತು. ತಿರುಗಿಸಿ ನೋಡಿದ್ದರೆ ನನ್ನ ರವಿಕೆಯ ಪಟ್ಟಿ ಕಾಣುತ್ತಿತ್ತು. ನನ್ನ ಕಣ್ಣು ಅದರ ಮೇಲೆಯೇ ಇತ್ತು.

"ಬಾಣಂತಿ ಕುಡುದ ನೀರೇ ಮಗೀನ ತಲೆಗೆ ಏರಿರೋದು ಅಂದ್ರು," ಎಂದೆ.

ನೀಲ ಅಳಲಿಲ್ಲ. ಎರಡು ಕೈಯನ್ನೂ ತನ್ನ ಬಾಯಿಗೆ ಅದುಮಿ ಹಿಡಿದುಕೊಂಡಳು, ಕುಡಿದದ್ದನ್ನು ಈಗಲಾದರೂ ತಡೆಯುವವಳ ಹಾಗೆ.

ಮಹಾನವಮಿಗೆ ಮುಂಚೆ ಚೆನ್ನ ಹೋದ. ಕೊನೆಕೊನೆಗೆ ಅವನ ತಲೆ ಎತ್ತಲು ಇಬ್ಬರು ಬೇಕಾಗಿತ್ತು. ಅವನು ಕಿರುಚಿದ ಕಿರುಚಾಟವನ್ನು ಬರೆಯಲಾರೆ. ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದೆವು. ಆ ಹಳೆಯ ಕುಲಾವಿಯನ್ನು ನಾನೇ ಅವನ ಜೊತೆಗೆ ಗುಂಡಿಗೆ ಹಾಕಿದೆ. ಅಕ್ಕನಿಗೆ ಎಂಥ ಅಂತಃಕರಣ ಎಂದು ನೋಡಿದವರು ಅಂದುಕೊಂಡರು.

ಆಮೇಲೆ ನೀಲಳಿಗೆ ಮಧುಗಿರಿಯಲ್ಲೇ ಮತ್ತೆ ಮಕ್ಕಳಾದವು. ಆ ಬಾಣಂತನಗಳಲ್ಲಿ ಅವಳಿಗೆ ಕಾವಲು ಬೇಕಾಗಲಿಲ್ಲ, ನೀರಿನ ಗಡಿಗೆಯನ್ನು ಅವಳೇ ಕೋಣೆಯಿಂದ ಹೊರಗೆ ಇಡಿಸುತ್ತಿದ್ದಳು. ಬಾಣಂತನ ಮುಗಿದ ಮೇಲೂ ಅದು ಹಾಗೇ ಉಳಿಯಿತು. ಎಂಥ ಬೇಸಿಗೆಯಲ್ಲೂ ಎರಡು ಗುಟುಕು ಕುಡಿದು ಚೊಂಬು ಕೆಳಗಿಡುತ್ತಾಳೆ. ಉರಿಮೂತ್ರ ಬಂದು ನರಳಿದರೂ ಅಷ್ಟೇ. ದಿನಾ ಬೆಳಿಗ್ಗೆ ಮಕ್ಕಳ ತಲೆಯ ಮೇಲೆ ಅಂಗೈ ಇಟ್ಟು ಒತ್ತಿ ನೋಡುತ್ತಾಳೆ; ಮಗಳು ಕಮಲ ಮದುವೆಯ ವಯಸ್ಸಿಗೆ ಬಂದಾಗಲೂ ಜಡೆ ಹಾಕುವ ನೆಪದಲ್ಲಿ ನೆತ್ತಿ ಒತ್ತುತ್ತಿದ್ದಳು. ಓಣಿಯವರು ಅವಳನ್ನು ತೋರಿಸಿ ಹೊಸ ಬಾಣಂತಿಯರಿಗೆ ಬುದ್ಧಿ ಹೇಳುತ್ತಿದ್ದರು — ನೀರು ಕುಡಿದು ಕೂಸು ಕಳಕೊಂಡವಳು ನೋಡು ಅವಳು ಎಂದು. ಹಬ್ಬಕ್ಕೆ ಹೋದಾಗಲೆಲ್ಲ ನಾನು ಇದನ್ನು ಕಂಡೆ, ಕೇಳಿದೆ, ಹೋ ಎಂದು ಮಾತಾಡುತ್ತಾ ಊಟ ಮಾಡಿ ಬಂದೆ. ಪ್ರತಿ ಸಲವೂ ಹೇಳಿಬಿಡುತ್ತೇನೆ ಎಂದೇ ಹೋಗುತ್ತಿದ್ದೆ. ಅವಳ ಮುಖ ಕಂಡ ಕೂಡಲೇ ಬೇರೆ ಮಾತು ತೆಗೆಯುತ್ತಿದ್ದೆ.

ಈ ಬೇಸಿಗೆಯಲ್ಲಿ ಕಮಲಳಿಗೆ ಹೆರಿಗೆಯಾಯಿತು, ತವರಾದ ಮಧುಗಿರಿಯಲ್ಲಿ. ನಾನು ಒಂದು ಕುಲಾವಿ ಹೊಲಿದುಕೊಂಡು ಕೂಸು ನೋಡಲು ಹೋದೆ. ನೀರು ಹಾಕುವುದಕ್ಕೆ ನೀನೇ ಬಾ ಎಂದು ನೀಲಳೇ ಹೇಳಿ ಕಳಿಸಿದ್ದಳು. ಅಲ್ಲಿಯ ಬೇಸಿಗೆ ಗೊತ್ತಲ್ಲ, ಹಗಲೆಲ್ಲ ಕಾದ ಏಕಶಿಲೆಯ ಬೆಟ್ಟ ಸಂಜೆಯಾದರೂ ಊರಿನ ಮೇಲೆ ಬಿಸಿ ಉಗುಳುತ್ತಿರುತ್ತದೆ. ಕೋಣೆಯೊಳಗೆ ಕಾಲಿಟ್ಟರೆ ಕಮಲ ಕಣ್ಣು ಗುಳಿಬಿದ್ದು, ನಾಲಿಗೆ ಬಿಳಿಚಿಕೊಂಡು ಮಲಗಿದ್ದಳು. ಮೈ ಕಾಯುತ್ತಿತ್ತು. ಪಕ್ಕದಲ್ಲಿ ಕೂಸು ಬತ್ತಿದ ಮೊಲೆ ಎಳೆದೆಳೆದು ಸುಸ್ತಾಗಿ ಕೀರಲು ದನಿಯಲ್ಲಿ ಅಳುತ್ತಿತ್ತು. ಕಮಲ ನನ್ನ ಸೆರಗು ಹಿಡಿದುಕೊಂಡಳು.

"ದೊಡ್ಡಮ್ಮ, ಒಂದ್ ಗುಟುಕು ನೀರ್ ಕೊಡು. ಅವ್ವ ಕೊಡಾಕಿಲ್ಲ ಅಂತದೆ. ಸತ್ತೋಯ್ತೀನಿ ದೊಡ್ಡಮ್ಮ."

ನಾನು ಏನು ಮಾಡಿದೆ ಗೊತ್ತೇ? ಸುಮ್ಮನೆ ಎದ್ದು ಹೋಗಿ ಚೊಂಬು ತುಂಬಿದೆ, ಸೆರಗಿನಲ್ಲಿ ಮುಚ್ಚಿದೆ. ಕೈ ತಾನಾಗಿಯೇ ಮುಚ್ಚಿತು. ಕೋಣೆಯ ಹೊಸಿಲಿನ ತನಕ ಬಂದು ನಿಂತೆ. ಕದ್ದು ಕೊಟ್ಟರೆ ಇವಳ ದಾಹ ತೀರುತ್ತದೆ, ನನ್ನ ಗುಟ್ಟೂ ಉಳಿಯುತ್ತದೆ. ನಾಳೆ ಈ ಕೂಸಿಗೆ ಒಂದು ನೆಗಡಿ ಬಂದರೂ ಕಮಲ ತನ್ನನ್ನೇ ಬೈದುಕೊಳ್ಳುತ್ತಾಳೆ, ಅವಳ ಅವ್ವನ ಹಾಗೆ. ಕೊಡದಿದ್ದರೆ ತಾಯಿ ಮಗು ಇಬ್ಬರೂ ಉಳಿಯುವಂತಿರಲಿಲ್ಲ. ಸೆರಗು ತೆಗೆದೆ. ಚೊಂಬು ಹಿಡಿದುಕೊಂಡು ಅಡುಗೆಮನೆಗೆ ಹೋದೆ.

ನೀಲ ಕೂತು ಮೆಣಸು ಬೆಳ್ಳುಳ್ಳಿ ಕುಟ್ಟುತ್ತಿದ್ದಳು. ಚೊಂಬು ನೋಡಿ, "ಯಾರ್ಗದು?" ಎಂದಳು.

"ಕಮಲಂಗೆ," ಎಂದೆ. "ನೀಲ, ಶಿರಾದಾಗೆ ಡಾಕ್ಟ್ರಮ್ಮ ಅಂಗಂದಿರ್ನಿಲ್ಲ ಕಣೇ. ನೀರಿಂದ ಅಲ್ಲ ಅಂದಿದ್ರು. ನಿಂದೇನೂ ತಪ್ಪಿಲ್ಲ ಅಂತ ನಿಂಗೇಳು ಅಂದಿದ್ರು. ನಾನ್ ಸುಳ್ಳೇಳ್ದೆ."

ಕುಟ್ಟುವುದು ನಿಂತಿತು. ನಿಂತಲ್ಲೇ ಎಲ್ಲವನ್ನೂ ಹೇಳಿದೆ — ನೆತ್ತಿ ಕೈಗೆ ಒತ್ತಿದ್ದು, ಕುಲಾವಿ ಬಿಚ್ಚಿದ್ದು, ರವಿಕೆಯ ಪಟ್ಟಿ, ಡಾಕ್ಟರಮ್ಮ ಕೇಳಿದ ಪ್ರಶ್ನೆ. ಅವಳು ನನ್ನ ಮುಖ ನೋಡದೆ ಕೇಳುತ್ತಿದ್ದಳು.

"ಮಗೀನ ತಲೆ ದಪ್ಪ ಅಲ್ವಾ ಅಂತ ನಿನ್ನ ಕೇಳಿದ್ದೆ," ಎಂದಳು.

"ಹೂಂ."

"ಅಪ್ಪನ ತಲೆ ಅಂದೆ."

"ಹೂಂ."

"ನಾನು ಮುತ್ತು ಕೊಟ್ಟೆ."

ಅವಳು ಎದ್ದು ನನ್ನ ಕೈಯಿಂದ ಚೊಂಬು ತೆಗೆದುಕೊಂಡು ಬಾಯಿಗೆ ಎತ್ತಿದಳು. ಎರಡು ಗುಟುಕಿಗೆ ಅಭ್ಯಾಸದಂತೆ ನಿಲ್ಲಿಸಿದಳು. ಚೊಂಬಿನೊಳಗೆ ನೋಡಿದಳು. ಮತ್ತೆ ಎತ್ತಿ, ನಿಂತುಕೊಂಡೇ, ಗಟಗಟನೆ ಎಲ್ಲವನ್ನೂ ಕುಡಿದಳು. ನೀರು ಗಲ್ಲದಿಂದ ಇಳಿದು ಸೀರೆಯೆಲ್ಲ ನೆನೆಯಿತು, ಅವಳು ಒರೆಸಿಕೊಳ್ಳಲಿಲ್ಲ. ಗಡಿಗೆಯಿಂದ ಮತ್ತೆ ತುಂಬಿಸಿಕೊಂಡು ಮಗಳ ಕೋಣೆಗೆ ಹೋದಳು. ಕಮಲ ಕುಡಿಯುವ ಸದ್ದು ನನಗೆ ಅಡುಗೆಮನೆಯ ತನಕ ಕೇಳಿಸಿತು.

ಖಾಲಿ ಚೊಂಬು ಹಿಡಿದು ಬಂದವಳು ನನ್ನನ್ನು ಅಕ್ಕಯ್ಯ ಎನ್ನಲಿಲ್ಲ. "ಮಗೀಗೆ ನೀರಾಕಾಕೆ ಬೇರೆಯೋರ್ನ ಕರುಸ್ತೀನಿ," ಎಂದಳು. "ನೀನು ಮುಟ್‌ಬ್ಯಾಡ."

"ಸರಿ," ಎಂದೆ. ಸರಿಯಾಗಿಯೇ ಹೇಳಿದಳು.

ಈಗ ಮಧುಗಿರಿಯಲ್ಲಿ ತಾಯಿ ಮಗು ಚೇತರಿಸಿಕೊಂಡಿದ್ದಾರಂತೆ. ನೀಲ ನನ್ನೊಡನೆ ಮಾತಾಡಿಲ್ಲ. ಮಾತಾಡಲಿ ಎಂದು ಇದನ್ನು ಬರೆಯುತ್ತಿಲ್ಲ. ನೀರು ಕುಡಿದು ಕೂಸು ಕಳಕೊಂಡವಳು ಎಂದು ಅವಳನ್ನು ತೋರಿಸಿದ ಓಣಿ ಇನ್ನೂ ಅಲ್ಲೇ ಇದೆ; ಅಲ್ಲಿಯವರಿಗೆ ನಿಜ ಗೊತ್ತಾಗಲಿ, ಬೆರಳು ನನ್ನ ಕಡೆ ತಿರುಗಲಿ ಎಂದು ಬರೆಯುತ್ತಿದ್ದೇನೆ.

ನೀಲ ಮುಟ್ಟಬೇಡ ಎಂದ ಅವತ್ತೇ ಊರಿಗೆ ಹೊರಟೆ. ಪೆಟ್ರೋಲು ಸಿಗದೆ ಇದ್ದಿಲಿನಲ್ಲೇ ಓಡಿ ಹೊಗೆ ಉಗುಳುವ ಈ ಯುದ್ಧಕಾಲದ ಬಸ್ಸು ಏರು ಸಿಕ್ಕಲ್ಲೆಲ್ಲ ನಿಂತು ನಿಂತು ಹೋಗುತ್ತಿತ್ತು. ಕಮಲಳ ಕೂಸಿಗೆಂದು ಹೊಲಿದ ಕುಲಾವಿ ಚೀಲದಲ್ಲೇ ಉಳಿದಿತ್ತು. ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಒಳಮಗ್ಗುಲು ತಿರುಗಿಸಿದೆ. ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಮಡಿಸಿ ಬಿಟ್ಟಿದ್ದೆ — ಬೇಕಾದರೆ ಬಿಚ್ಚಿ ದೊಡ್ಡದು ಮಾಡಲು. ಹೊಲಿಯುವಾಗ ಅದು ನನಗೆ ಗೊತ್ತೇ ಆಗಿರಲಿಲ್ಲ.